ಒದ್ದಾಡದ ಹುಂಜ

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಆರು ನಲವತ್ತು. ಮಾವ ಬೂದು ಹುಂಜವನ್ನು ಅಂಗೈ ಮೇಲೆ ಕೂರಿಸಿಕೊಂಡು ಹೆಬ್ಬೆರಳಿನಿಂದ ಅದರ ಎದೆಮೂಳೆ ಸವರಿದರು. ನಲವತ್ತು ವರ್ಷ ಕೋಳಿ ಅಂಗಡಿ ನಡೆಸಿದ ಕೈ ಅದು. ತೂಕ ಹೇಳಲು ತಕ್ಕಡಿ ಬೇಕಿರಲಿಲ್ಲ. ಸೊಸೆಗೆ ಹೇಳಿದರು: "ಎರಡೂವರೆ ಕಿಲೋ ದಾಟಲ್ಲ ಕಣಮ್ಮ. ಇದರ ಮರಿಗಳಿಂದ ಮೊಟ್ಟೆ ಸಿಗಬಹುದು, ಮಾಂಸ ಸಿಗಲ್ಲ. ಕೆಂಪು ಹುಂಜಾನೇ ಇಟ್ಕೋ, ಇದು ಮಧ್ಯಾಹ್ನದ ಅಡುಗೆಗಾಗ್ಲಿ."

ಹಿತ್ತಿಲಿನ ಹೇಂಟೆಗಳಿಗೆ ಒಂದೇ ಹುಂಜ ಸಾಕು. ಆದರೆ ಕೆಂಪು ಹುಂಜ ನಿನ್ನೆ ತಾನೇ ಸೊಸೆಯ ಮೊಣಕಾಲಿಗೆ ಕುಕ್ಕಿ ರಕ್ತ ಬರಿಸಿತ್ತು. ಅವಳು ಕೋಳಿಗಳ ಮೂರು ಪೀಳಿಗೆಯಿಂದ ಕುಕ್ಕುವ ಹುಂಜಗಳನ್ನು ಕೈಬಿಡುತ್ತ, ಮೊಟ್ಟೆಗೂ ಮಾಂಸಕ್ಕೂ ಆಗುವ ಸಾಧು ತಳಿಯೊಂದನ್ನು ಬೆಳೆಸುತ್ತಿದ್ದಳು. ಅದರ ಫಲವೇ ಈ ಬೂದು ಹುಂಜ.

"ಒಂದ್ಸಲ ತೂಗಿಬಿಡೋಣ, ಮಾವ."

"ನನ್ನ ಕೈಗಿಂತ ನಿನ್ನ ಸ್ಪ್ರಿಂಗ್ ತಕ್ಕಡಿ ದೊಡ್ಡದಾಯ್ತಾ?" ಎಂದು ನಗುತ್ತಲೇ ಅವರು ಹುಂಜವನ್ನು ಚೀಲಕ್ಕಿಳಿಸಿದರು. ಮುಳ್ಳು ಮೂರನ್ನು ದಾಟಿ ನಿಂತಿತು. ಮಾವ ತಕ್ಕಡಿಯನ್ನು ತಟ್ಟಿ ನೋಡಿದರು, ಮತ್ತೆ ತೂಗಿದರು. ಆಮೇಲೆ ಹುಂಜವನ್ನು ಅಂಗೈಗೆತ್ತಿಕೊಂಡರು. ಅದು ರೆಕ್ಕೆ ಕೂಡ ಬಡಿಯದೆ ಕಣ್ಣು ಪಿಳುಕಿಸುತ್ತ ಕೂತಿತು.

"ಅಂಗಡೀಲಿ ನಾನು ಎತ್ತಿದ್ದೆಲ್ಲ ಒದ್ದಾಡೋ ಕೋಳಿಗಳನ್ನೇ. ಒದ್ದಾಡಿದ್ರೆ ಭಾರ ಅನ್ಸುತ್ತೆ," ಎಂದರು ಮೆಲ್ಲಗೆ. "ಇಷ್ಟು ನಂಬಿ ಕೂತಿದ್ದನ್ನ ಈ ಕೈ ಎತ್ತೇ ಇಲ್ಲ."

ಹುಂಜವನ್ನು ತಾವೇ ಹೇಂಟೆಗಳ ನಡುವೆ ಬಿಟ್ಟರು. ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯವರು ಏನನ್ನೂ ವಿಚಾರಿಸಿರಲಿಲ್ಲ. ಆದರೂ ಮಾವ ಅವರಿಗೆ ಕೇಳುವಂತೆ ಹೇಳಿದರು: "ನಮ್ಮ ಸೊಸೆ ಬೆಳೆಸಿದ ಹುಂಜ ಕಣ್ರೀ. ಮೂರು ಕಿಲೋ ಇನ್ನೂರು ಗ್ರಾಂ."