ಬೆರಳೆಣಿಕೆಯ ಇಟಾಲಿಯನ್ನರು

ಎದುರಾಳಿಯ ಮೇಲೆ ಕಣ್ಣಿಟ್ಟೇ ಜಗನ್ ವೇದಿಕೆ ಹತ್ತಿದ. ತುಟಿಯೊಳಗೆ ಜಪ ನಡೆದಿತ್ತು: ಸೇಯಿ ಆರು, ಸೆತ್ತೆ ಏಳು, ಒತ್ತೋ ಎಂಟು.

“ರೀ, ಈಗ್ಲೂ ಟೈಮಿದೆ. ನಿಜ ಹೇಳ್ಬಿಡೋಣ,” ಎಂದು ತುಂಬು ಬಸುರಿ ಸಿಂಧು ಕೆಳಗಿನಿಂದ ಪಿಸುಗುಟ್ಟಿದಳು.

“ನಿಜ ಹೇಳಿದ್ರೆ ಮಗೂನ ಕಾರಲ್ಲೇ ಸಾಕ್ಬೇಕು. ನೀನು ಸುಮ್ನೆ ನಗ್ತಿರು, ಚಿಂತಿಯಾ.”

“ಹೆಸರೇನೋ ಸರಿಯಾಗೇ ಇಟ್ಟಿದೀರ. ಚಿಂತೆ ಬಿಟ್ರೆ ಬೇರೇನೂ ಇಲ್ಲ ನಂಗೆ.”

ಅದು ಎರಡು ಸಾವಿರನೇ ಇಸವಿಯ ಬೇಸಿಗೆ. ಅಮೆರಿಕದ ಸಿಲಿಕಾನ್ ಕಣಿವೆಯಲ್ಲಿ ಕೆಲಸ ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಖಾಲಿಯಾದ ಅಪಾರ್ಟ್‌ಮೆಂಟಿನ ಮುಂದೆ ಮಧ್ಯಾಹ್ನಕ್ಕೆ ಕ್ಯೂ. ಇವರಿದ್ದ ಬೆರ್ರಿಯೆಸಾದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ತಿಂಗಳ ಕೊನೆಗೆ ಬಿಡಬೇಕು. ಹುಡುಕಿ ಹುಡುಕಿ ಸೋತವರಿಗೆ ಉಳಿದಿದ್ದ ಒಂದೇ ಆಸೆ, ಗಿಲ್‌ರಾಯ್ ದಾಟಿದ ಮೇಲೆ ಗುಡ್ಡದ ಬುಡದ ಈ ಇಟಾಲಿಯನ್ ಹಳ್ಳಿಯಲ್ಲಿ ಸಿನ್ಯೋರಾ ರೋಸಾಳ ಹಿತ್ತಲ ಮನೆ.

ಫೋನಿನಲ್ಲಿ ಆಕೆ ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ಮಾತು: “ಮನೆ ನಮ್ಮವರಿಗೆ ಮಾತ್ರ.”

ಜಗನ್ ಹಾಸನದ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಗ್ರೈಂಡರಿನವರೆಗೆ ಎಲ್ಲದರ ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸಿದವನು. ಆ ಕ್ಷಣವೇ ನಾಲಿಗೆ ತಿರುಚಿ, ತಂದೆ ಇಂಡಿಯಾದವರು, ತಾಯಿ ಸಿಸಿಲಿಯವರು ಎಂದುಬಿಟ್ಟ. ತಾಯಿ ಗೌರಮ್ಮ ಹಾಸನದಿಂದ ಬೆಂಗಳೂರಿಗೆ ಹೋಗಿಬಂದದ್ದೇ ಅಪರೂಪ.

ಮನೆ ನೋಡಲು ಹೋದಾಗ ರೋಸಾ ಇಬ್ಬರಿಗೂ ಹೊಸ್ತಿಲಲ್ಲೇ ಶೂ ಬಿಚ್ಚಿಸಿ ಒಳಗೆ ಕರೆದಳು. ಸಿಂಧುವಿನ ಮುಖ ಸವರಿ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿದಳು. ಇಟಲಿಯವರಿಗೂ ದೃಷ್ಟಿಯ ಭಯ ಬಹಳ ಎಂದು ಜಗನ್ ಎಲ್ಲೋ ಓದಿದ್ದ. ಆಮೇಲೆ ಆಕೆ ಬಾಂಬು ಹಾಕಿದಳು. ಮನೆ ಕೇಳಿದವನು ಇನ್ನೊಬ್ಬನಿದ್ದಾನೆ. ಸಿಸಿಲಿಯದೇ ಮೆಸ್ಸೀನಾದ ರೊಸಾರಿಯೋ.

“ಊರಿನ ದ್ರಾಕ್ಷಿ ಹಬ್ಬದ ದಿನ ಇಬ್ಬರೂ ಮೋರಾ ಆಡಿ. ಗೆದ್ದವರಿಗೆ ಬೀಗದ ಕೈ. ಮೋರಾ ಆಡುವಾಗ ನಾಲಿಗೆ ಸುಳ್ಳು ಹೇಳುವುದಿಲ್ಲ ಅಂತ ನನ್ನ ಯಜಮಾನರು ಆಲ್ಡೋ ಹೇಳುತ್ತಿದ್ದರು.”

ಮೋರಾ ಇಟಲಿಯ ಹಳ್ಳಿಗರ ಹಳೆಯ ಆಟ. ಇಬ್ಬರೂ ಒಂದೇ ಸಲಕ್ಕೆ ಕೈ ಚಾಚಿ ತಮಗೆ ತೋಚಿದಷ್ಟು ಬೆರಳು ತೋರಬೇಕು. ಅದೇ ಕ್ಷಣ, ಎರಡೂ ಕೈಯ ಬೆರಳು ಸೇರಿ ಎಷ್ಟೆಂದು ಊಹಿಸಿ ಇಟಾಲಿಯನ್ನಿನಲ್ಲಿ ಕೂಗಬೇಕು. ಊಹೆ ಸರಿಯಾದವನಿಗೆ ಅಂಕ. ಯೋಚಿಸಲು ಪುರುಸೊತ್ತಿಲ್ಲ. ಜಗನ್‌ಗೆ ಹೆದರಿಕೆಯೂ ಅದೇ.

ಹಬ್ಬ ಬಂತು. ಬೆಳಗಿನಿಂದ ಅವನು ನೋಡಿದ್ದು ರೊಸಾರಿಯೋನನ್ನು ಮಾತ್ರ. ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವ ಹುಡುಗಿಯರನ್ನಾಗಲೀ, ಈ ಊರಿನಲ್ಲಿ ಮೊದಲು ಪ್ಲಮ್ ಗಿಡ ನೆಟ್ಟ ಅಜ್ಜಂದಿರ ಫೋಟೊ ಡೇರೆಯನ್ನಾಗಲೀ ನೋಡಲಿಲ್ಲ. ರೊಸಾರಿಯೋನದು ದಪ್ಪ ಮೀಸೆ, ಬಿಸಿಲಿಗೆ ಸುಟ್ಟ ಮೈಬಣ್ಣ, ಕರಿ ಟೋಪಿ. ಸಲಾಮಿ ಮಾಂಸದ ತಟ್ಟೆ ಬಂದಾಗ ಹೊಟ್ಟೆ ಮುಟ್ಟಿ ಬೇಡವೆಂದ. ನೀರಿನ ಬಾಟಲಿ ಎತ್ತಿ ಗಟಗಟ ಗಂಟಲಿಗೆ ಸುರಿದುಕೊಂಡ. ಎಲ್ಲರಿಗೂ “ಬೆನೆ, ಬೆನೆ”, ಒಳ್ಳೇದು ಒಳ್ಳೇದು, ಅಂದನೇ ಹೊರತು ಬಾಯಿ ಬಿಡಲಿಲ್ಲ. ಅಸಲಿಯವನು ಯಾಕೆ ಬಡಬಡಿಸುತ್ತಾನೆ?

ಒಮ್ಮೆ ಹತ್ತಿರ ಬಂದು ಏನೋ ಉದ್ದಕ್ಕೆ ಒದರಿದ. ಜಗನ್‌ಗೆ ಒಂದಕ್ಷರ ತಿಳಿಯಲಿಲ್ಲ. ಐದೂ ಬೆರಳು ಗೊಂಚಲು ಮಾಡಿ ಗಾಳಿಯಲ್ಲಿ ಅಲ್ಲಾಡಿಸಿ, ತಾನೂ ಬಾಯಿಗೆ ಬಂದದ್ದನ್ನು ರಾಗವಾಗಿ ಒದರಿದ. ರೊಸಾರಿಯೋ ಬೆವರೊರೆಸಿಕೊಂಡು ಸರಸರನೆ ಹೊರಟುಹೋದ.

ಸಿಕ್ಕಿಬಿದ್ದೆ, ದೂರು ಕೊಡಲು ಹೋದ ಎಂದುಕೊಂಡ ಜಗನ್.

ಈಗ ಇಬ್ಬರ ನಡುವೆ ಒಂದು ಮೇಜು. ಪಕ್ಕದಲ್ಲಿ ತೀರ್ಪುಗಾರ್ತಿ ರೋಸಾ, ಅವಳ ಕೊರಳಲ್ಲಿ ಬೀಗದ ಕೈ. ಮುಂದಿನ ಸಾಲಿನಲ್ಲಿ ಆಲ್ಡೋನ ಗೆಳೆಯರು, ಟೋಪಿಯ ಮುದುಕರು. ಹಿಂದೆ ಅಕಾರ್ಡಿಯನ್ ಕಿರುಚುತ್ತಿತ್ತು.

“ಸೇಯಿ!” “ನೋವೆ!” ಆರು. ಜಗನ್‌ಗೆ ಅಂಕ.

“ಚಿಂಕ್ವೆ!” “ಸೆತ್ತೆ!” ಏಳು. ರೊಸಾರಿಯೋಗೆ.

ರೋಸಾ ಮೇಜು ಕುಟ್ಟಿ ವೇಗ ಏರಿಸಿದಳು. ರೊಸಾರಿಯೋ ಎಡಗೈಯ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಅಂಕದ ಲೆಕ್ಕ ಇಟ್ಟುಕೊಂಡ. ಜಗನ್‌ನ ಅಂಗಿ ಬೆನ್ನಿಗೆ ಅಂಟಿತು. ಸಿಂಧು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನಗುತ್ತಲೇ ಇದ್ದಳು, ಹಲ್ಲುನೋವಿನವರ ಹಾಗೆ.

ಅಂಕ ಸಮವಾಯಿತು. ಇನ್ನು ಒಂದೇ ಅಂಕ. ರೋಸಾ ಕೊರಳಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಜಗನ್‌ನ ಕಣ್ಣು ಅದರ ಮೇಲೆ ಹೋಯಿತು. ಹೋಗಬಾರದಿತ್ತು.

ಕೈಗಳು ಬಿದ್ದವು.

“ಸೆತ್ತೆ!” ರೊಸಾರಿಯೋ ಕೂಗಿದ.

“ಎಂಟು!” ಜಗನ್ ಕೂಗಿದ.

ಕೂಗಿದ ಮೇಲೆ ಅವನಿಗೇ ಕೇಳಿಸಿತು. ಸಿಂಧು ಕಣ್ಣು ಮುಚ್ಚಿದಳು. ಟೋಪಿಯ ಮುದುಕರು ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದರು. ಮೇಜಿನ ಮೇಲೆ ಜಗನ್‌ನ ಐದು ಬೆರಳು; ರೊಸಾರಿಯೋನ ಎರಡು ಬೆರಳು ನೆಟ್ಟಗೆ, ಕಿರುಬೆರಳು ಅರ್ಧ ಮಡಚಿ ಅರ್ಧ ಬಿಚ್ಚಿ.

ಬೆರಳ ಲೆಕ್ಕ ಏನಾದರೇನು, ಮನೆ ಹೋಯಿತು. ರೊಸಾರಿಯೋ ಧಡಕ್ಕನೆ ಎದ್ದುನಿಂತ. ಮುಖ ಕೆಂಪಗಾಗಿತ್ತು.

“ಎಂಟು ಎಲ್ಲಿಂದ ಬಂತ್ರೀ? ಏಳು! ನನ್ ಕಿರುಬೆರಳು ಮಡಚಿತ್ತು, ಕಣ್ಣು ಕಾಣಲ್ವಾ?”

ಹೇಳಿದವನೇ ಮೀಸೆಯ ಸಮೇತ ಬಾಯಿ ಮುಚ್ಚಿಕೊಂಡ.

ಸಿನ್ಯೋರಾ ರೋಸಾ ಕನ್ನಡಕ ಏರಿಸಿ, ಬಗ್ಗಿ, ಆ ಕಿರುಬೆರಳನ್ನು ಹಿಡಿದು ನೋಡಿ, ಬೀಗದ ಕೈಯನ್ನು ಜಗನ್‌ನತ್ತ ತಳ್ಳಿ, ಇಬ್ಬರಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದಳು: “ಎಂಟೇ ಮಾರಾಯ್ರೆ, ಕಿರುಬೆರಳು ಉಂಟಲ್ಲ! ಇನ್ನು ಮೆಲ್ಲ ಮಾತಾಡಿ, ಅಲ್ಲಿ ಇಟಲಿಯವರು ಕೂತಿದ್ದಾರೆ.”