ಹದಿನೇಳನೇ ಮೀಟರ್

ಆಫೀಸಿನಲ್ಲಿ ಕರೆಂಟು ಪೋಲು ಮಾಡುವವರನ್ನು ಹಿಡಿಯಲೆಂದು ಒಬ್ಬೊಬ್ಬರ ಕಂಪ್ಯೂಟರಿಗೂ ಒಂದೊಂದು ಮೀಟರ್ ಹಾಕಿಸಿದವನು ನಾನೇ. ಮುಖ ನೋಡಿ ಮಣೆ ಹಾಕಿದ ಹಾಗಾಗಬಾರದು, ಮೀಟರುಗಳ ಮೇಲೆ ಹೆಸರು ಬೇಡ, ನಂಬರ್ ಸಾಕು ಎಂದವನೂ ನಾನೇ. ಯಾವ ನಂಬರ್ ಯಾರದೆಂದು ಎಲೆಕ್ಟ್ರಿಷಿಯನ್ ಓಬಳೇಶನಿಗೆ ಮಾತ್ರ ಗೊತ್ತಿತ್ತು. ಆಮೇಲೆ ತಿಂಗಳಿಡೀ ಮೊಬೈಲಿನಲ್ಲಿ ಎಲ್ಲರ ಮೀಟರ್ ನೋಡುತ್ತ, ಪತ್ತೇದಾರನ ಗತ್ತಿನಲ್ಲಿ ಮಹಡಿಯಿಂದ ಮಹಡಿಗೆ ತಿರುಗಿದೆ. ನನ್ನನ್ನು ಕಂಡೊಡನೆ ಜನ ಫ್ಯಾನ್ ಆರಿಸಿ ಬೆವರುತ್ತ ಕೂರುತ್ತಿದ್ದರು. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ.

ತಿಂಗಳ ಕೊನೆಗೆ ಮ್ಯಾನೇಜರ್ ಮೇಡಂ ಪಟ್ಟಿ ನೋಡಿ ಕೇಳಿದರು, “ಹದಿನೇಳನೇ ನಂಬರ್ ಬರೀ ಸೊನ್ನೆ ತೋರಿಸ್ತಿದೆಯಲ್ಲ, ಮೀಟರ್ ಕೆಟ್ಟಿದ್ಯಾ?”

“ಮೀಟರ್ ಸರಿಯಾಗೈತೆ ಮೇಡಂ,” ಎಂದ ಓಬಳೇಶ. “ಆ ಕಂಪ್ಯೂಟರ್ ತಿಂಗಳಿಂದ ಆನ್ ಆಗೇ ಇಲ್ಲ.”

ನನಗೆ ಬೇಟೆ ಸಿಕ್ಕಿತು. “ನೋಡಿದ್ರಾ ಮೇಡಂ! ಕರೆಂಟ್ ಪೋಲು ಮಾಡೋರಾದ್ರೂ ವಾಸಿ. ಈ ಮಹಾಶಯ ಕೆಲಸಾನೇ ಮಾಡಿಲ್ಲ. ಮೊದಲು ಮನೆಗೆ ಕಳಿಸಿ!”

“ಖಂಡಿತ. ಯಾರದು ಓಬಳೇಶ, ಅದು?”

ಓಬಳೇಶ ನನ್ನ ಮುಖ ನೋಡಿ ತಲೆ ತಗ್ಗಿಸಿದ.

“ನಮ್ ಸಾರ್‌ದೇ ಮೇಡಂ.”