ವಸ್ತಿ

ಡೀಸೆಲ್ ವಾಸನೆ ಬಂದರೆ ಈಗಲೂ ನನ್ನ ಕೈ ಹಿಟ್ಟಿನ ಡಬ್ಬಿ ಹಿಡಿಯಲು ತಾನಾಗಿ ಚಾಚುತ್ತದೆ.

ಅಪ್ಪ ಊರೂರು ಸುತ್ತಿ ಗಾದಿ ಹೊಲಿಯುತ್ತಿದ್ದ. ನಮ್ಮ ಮನೆಯೆಂದರೆ ಅವನ ಟೆಂಪೋ. ಓಡುವಾಗ ಉರುಳಬಾರದೆಂದು ಕೊಡ, ಒಲೆ, ಡಬ್ಬಿ ಎಲ್ಲವನ್ನೂ ಹಗ್ಗದಿಂದ ಕಟ್ಟಿಡುತ್ತಿದ್ದೆವು. ದಿಗ್ಗೇವಾಡಿಯ ಹೊಳೆದಂಡೆಯಲ್ಲಿ ಗಾಡಿ ನಿಲ್ಲಿಸಿ ಅಪ್ಪ, "ಇಲ್ಲೇ ವಸ್ತಿ ಮಾಡೂಣು" ಎಂದ. ನಮ್ಮ ಕಡೆ ತೋಟದ ಮನೆಗಳಿಗೂ ವಸ್ತಿ ಎನ್ನುತ್ತಾರೆ. ನಮಗೂ ಮನೆಯಾಯಿತೆಂದು ಹಿಗ್ಗಿ ನಾನು ಹಗ್ಗಗಳನ್ನೆಲ್ಲ ಬಿಚ್ಚಿದೆ. ಅವ್ವ ನೋಡಿ ನಕ್ಕಳು.

ಮರುದಿನ ಮಧ್ಯಾಹ್ನ ಗಾಡಿ ಹೊರಟೇಬಿಟ್ಟಿತು. ಜೋಳದ ಹಿಟ್ಟೆಲ್ಲ ನನ್ನ ಮೈಮೇಲೆ ಸುರಿಯಿತು.

"ವಸ್ತಿ ಅಂದಿದ್ದೆಲ್ಲಪ್ಪಾ!" ಎಂದು ಚೀರಿದೆ.

"ಅಂದಿದ್ನಿ. ರಾತ್ರಿ ವಸ್ತಿ. ಮನಿ ಕಟ್ತೀನಿ ಅಂದ್ನೇನ?"

ಅವ್ವನ ಕಡೆ ತಿರುಗಿದೆ. ಅವಳು ತನ್ನ ಸೀರೆಗಳ ಗಂಟಿಗೆ ಒರಗಿ ಕೂತಿದ್ದಳು. ಅದನ್ನು ಅವಳು ಬಿಚ್ಚಿರಲೇ ಇಲ್ಲ.